ಹಿಲ್ಮನ್ನಿನ ಮೇಲೊಂದು ಆಣೆ

ಪ್ರೇಮನಾಥ ರೈಗೆ ಕಾರಿನ ಹುಚ್ಚು ಎಂದರೆ ಯಾರಾದರೂ ತಪ್ಪು ತಿಳಿದುಕೊಂಡಾರು. ಕಾರಿನಲ್ಲಿ ಕುಳಿತು ಠೀವಿಯಿಂದ ಊರು ಸುತ್ತುವ ಹುಚ್ಚಲ್ಲ ಅದು. ಸುತ್ತಬೇಕಾದರೆ ಕಾರಿಗೆ ನಾಲ್ಕು ಚಕ್ರವೂ ಕೂತಿರಬೇಕಲ್ಲ! ಅವನ ಕಾರು ವಾರದ ಹೆಚ್ಚಿನ ದಿನ ಅರ್ಧಂಬರ್ಧ ಬಿಚ್ಚಿಕೊಂಡೇ ಇರುತ್ತಿತ್ತು. ಅದರ ಅಡಿಯಲ್ಲಿ ಗೋಣಿ ಹಾಸಿ ಅಂಗಾತ ಮಲಗುವ ಹುಚ್ಚು ಅವನದು. ಕಾರ್ಬ್ಯುರೇಟರ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಊದಿ, ಮತ್ತೆ ಕೂರಿಸುವುದು. ಕೂರಿಸಿದ ಮೇಲೆ ಕಿವಿಗೊಟ್ಟು ಕೇಳಿ, ಎಲ್ಲೋ ಏನೋ ಸರಿಯಿಲ್ಲ ಎಂದು ಮರುದಿನ ಪುನಃ ಬಿಚ್ಚುವುದು. ಅವನ ಹೆಂಡತಿ ವಾರಿಜಾಕ್ಷಿಗೆ ಗಂಡನ ಮುಖಕ್ಕಿಂತ ಅಂಗಾಲಿನ ಪರಿಚಯವೇ ಹೆಚ್ಚು. ಊಟಕ್ಕೆ ಕರೆಯಬೇಕಾದರೆ ಅವಳು ಕಾರಿನಡಿಯಿಂದ ಹೊರಗೆ ಚಾಚಿದ ಆ ಎರಡು ಕಾಲುಗಳ ಹತ್ತಿರವೇ ಮಾತಾಡಬೇಕು.

ಕಾರು ಇಂಗ್ಲೆಂಡಿನ ಹಿಲ್ಮನ್. ಕೆನೆ ಬಣ್ಣದ ಮೈ, ಉರುಟು ಬೆನ್ನು, ಸ್ಟೇರಿಂಗಿನ ಪಕ್ಕದಲ್ಲೇ ಗೇರು. ಸೋದರಮಾವ ಸಂಕಪ್ಪ ರೈಗಳು ಐವತ್ತರ ದಶಕದಲ್ಲಿ ಮದ್ರಾಸಿನಿಂದ ತರಿಸಿದ್ದು. ಕಡಬದ ಮಣ್ಣಿನ ರಸ್ತೆಯಲ್ಲಿ ಅದು ಮೊದಲ ಬಾರಿ ಬಂದಾಗ ದನಗಳು ಹಗ್ಗ ಹರಿದುಕೊಂಡು ಓಡಿದವಂತೆ. ಮಾವ ತೀರಿಕೊಂಡ ಮೇಲೆ, ಆ ಮನೆತನದ ಅಳಿಯಕಟ್ಟಿನಂತೆ, ಆಸ್ತಿಯೆಲ್ಲ ತಂಗಿಯ ಮಕ್ಕಳಿಗೆ ಬಂತು: ಸುಳ್ಯಕ್ಕೆ ಮದುವೆಯಾಗಿ ಹೋದ ಅಕ್ಕ ದಮಯಂತಿಗೆ, ಅಣ್ಣ ಸರ್ವೋತ್ತಮ ರೈಗೆ, ಕಿರಿಯವನಾದ ಪ್ರೇಮನಾಥನಿಗೆ. ಸರ್ವೋತ್ತಮ ರೈ ಮನೆಯ ಯಜಮಾನನಾದ. ಕಾರಿನ ಪುಸ್ತಕವೂ ಅವನ ಹೆಸರಿಗಾಯಿತು. ಅವನಿಗೆ ಕಾರಿನ ಬಗ್ಗೆ ತಿಳಿದದ್ದು ಒಂದೇ, ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರುವುದು. ಉಳಿದದ್ದೆಲ್ಲ ತಮ್ಮನ ಪಾಲು.

ಎಪ್ಪತ್ತರ ದಶಕ ಅರ್ಧ ಕಳೆಯುವಾಗ ಆ ಕಾರಿನ ಬಿಡಿಭಾಗಗಳು ಎಲ್ಲೂ ಸಿಗದಂತಾದವು. ಮಂಗಳೂರಿನ ಅಂಗಡಿಗಳಲ್ಲಿ ಹೆಸರು ಹೇಳಿದರೇ ನಗುತ್ತಿದ್ದರು. ಪ್ರೇಮನಾಥ ನಗುವವರ ಮುಖ ನೋಡದೆ ಬಸ್ಸು ಹತ್ತಿ ಪುತ್ತೂರಿಗೆ ಬರುತ್ತಿದ್ದ. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಅದ್ದು ಎಂಬ ಬ್ಯಾರಿ ಮುಸಲ್ಮಾನನ ಗ್ಯಾರೇಜು. ಇಬ್ಬರೂ ಸೇರಿ ತಲೆ ಕೆಡಿಸಿಕೊಂಡು, ಲೇತಿನಲ್ಲಿ ಬುಶ್ ಕಡೆಸಿ, ಹಳೇ ಟ್ಯೂಬು ಕತ್ತರಿಸಿ ವಾಷರು ಮಾಡಿ, ಲಾರಿಯ ಸ್ಪ್ರಿಂಗು ತಂದು ತಟ್ಟಿ ಬಗ್ಗಿಸಿ, ಅಂತೂ ಕಾರನ್ನು ಓಡಿಸುತ್ತಿದ್ದರು.

"ಇದು ಈಗ ಹಿಲ್ಮನ್ ಅಲ್ಲ ರೈಗಳೇ," ಎನ್ನುತ್ತಿದ್ದ ಅದ್ದು, "ಅರ್ಧ ಪುತ್ತೂರೇ ಇದರೊಳಗೆ ಉಂಟು."

ಒಮ್ಮೆ ಇಬ್ಬರೂ ಪರೀಕ್ಷೆಗೆಂದು ಸಂಪಾಜೆ ಘಾಟಿ ಹತ್ತಿಸಿದರು. ಮಡಿಕೇರಿಯವರೆಗೆ ರೇಡಿಯೇಟರು ಒಂದು ಸಲವೂ ಕುದಿಯಲಿಲ್ಲ. ಮೇಲೆ ತಲುಪಿದಾಗ ಪ್ರೇಮನಾಥ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತ. ಬಹಳ ಹೊತ್ತು ಕೈ ತೆಗೆಯಲೇ ಇಲ್ಲ. ಅದ್ದು ಅದನ್ನು ನೋಡಿ ಬೀಡಿ ಹಚ್ಚುವ ನೆಪದಲ್ಲಿ ಆಚೆ ತಿರುಗಿಕೊಂಡ. ಪ್ರೇಮನಾಥನ ಬದುಕಿನಲ್ಲಿ ಅಷ್ಟು ಸುಖದ ದಿನ ಮತ್ತೆ ಬರಲಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಎಪ್ಪತ್ತೆಂಟರ ಚುನಾವಣೆ ಬಂತು. ಪ್ರೇಮನಾಥ ಯಾರದೋ ಉತ್ತರಕ್ರಿಯೆಗೆಂದು ಪಂಜಕ್ಕೆ ಹೋಗಿ ಅಲ್ಲೇ ಎರಡು ದಿನ ಉಳಿದಿದ್ದ. ಆ ಹೊತ್ತಿಗೆ ಸರಿಯಾಗಿ ಪ್ರಚಾರದವರು ಮನೆಗೆ ಬಂದರು. ಸರ್ವೋತ್ತಮ ರೈ ಕಾರಿನ ಕೀಲಿಯನ್ನು ಅವರ ಕೈಗೆ ಕೊಟ್ಟುಬಿಟ್ಟ! ಅದು ಎಂಥ ಕಾರು, ಅದರ ಕ್ಲಚ್ಚು ಎಷ್ಟು ನಾಜೂಕು, ಅದನ್ನು ಯಾರು ಹೇಗೆ ಓಡಿಸಬೇಕು ಎಂಬುದು ದೊಡ್ಡ ಮನುಷ್ಯರಿಗೆ ಏಕೆ ಬೇಕು? ಕೇಳಿದರು, ಕೊಟ್ಟರು, ಮೀಸೆ ತಿರುವಿಕೊಂಡರು.

ಪ್ರೇಮನಾಥ ಮರಳಿ ಬರುವಾಗ ಜೀಪೊಂದು ಹಿಲ್ಮನ್ನನ್ನು ಹಗ್ಗ ಕಟ್ಟಿ ಎಳೆದು ತಂದು ಅಂಗಳದ ನಡುವೆ ಬಿಟ್ಟಿತ್ತು. ಕಾರಿನ ಮಾಡಿನ ಮೇಲೆ ಮೈಕಿನ ಕೊಂಬು ಬಿಗಿದ ಜಾಗ ತಗ್ಗಾಗಿತ್ತು. ನಾಲ್ಕೂ ಬಾಗಿಲಿಗೆ ಮೈದಾ ಅಂಟು ಮೆತ್ತಿ ಕಾಗದ ಹಚ್ಚಿದ್ದರು. ಅದನ್ನು ಕಿತ್ತಾಗ ಬಣ್ಣವೂ ಜೊತೆಗೇ ಬಂದಿತ್ತು. ಕ್ಲಚ್ಚು ಸುಟ್ಟ ವಾಸನೆ ಚಾವಡಿಯವರೆಗೂ ಬರುತ್ತಿತ್ತು. ಓಡಿಸಿದವನು ತನ್ನ ಬದಿಯ ಕಿಟಕಿಯ ಗಾಜನ್ನು ಅರ್ಧ ಇಳಿಸಿದಂತೆಯೇ ಬಿಟ್ಟು ಜೀಪು ಹತ್ತಿದ್ದ. ಜಗಲಿಯಲ್ಲಿ ಪ್ರಚಾರದವರು ಸಾಲಾಗಿ ಕುಳಿತು ಶರಬತ್ತು ಕುಡಿಯುತ್ತಿದ್ದರು.

"ಅಣ್ಣ, ಇದೆಂತ ಅವಸ್ಥೆ?" ಪ್ರೇಮನಾಥ ಅಂಗಳದಿಂದಲೇ ಕೂಗಿದ.

"ಎಂತ ಆಯ್ತೀಗ? ಊರಿನ ನಾಲ್ಕು ಜನ ಕೇಳಿದರು, ಕೊಟ್ಟೆ. ಇಲ್ಲ ಅನ್ಲಿಕ್ಕೆ ಆಗ್ತದಾ?"

"ನನ್ನ ಹತ್ತಿರ ಒಂದು ಮಾತು ಕೇಳ್ಬಹುದಿತ್ತಲ್ಲ."

"ನಿನ್ನ ಹತ್ತಿರ ಎಂತ ಕೇಳುದು? ಕಾರು ಮನೆಯದ್ದು, ಯಜಮಾನ ನಾನು. ನೀನು ಅದರ ಅಡಿಯಲ್ಲಿ ಮಲಗುವವ, ಅಷ್ಟೇ."

ಜಗಲಿಯಲ್ಲಿದ್ದವರು ಹೋ ಎಂದು ನಕ್ಕರು. ಆ ನಗುವೇ ಎಲ್ಲವನ್ನೂ ಹಾಳು ಮಾಡಿತು. ಪ್ರೇಮನಾಥನಿಗೆ ಕೋಪ ನೆತ್ತಿಗೇರಿತು. ಅಂಗಳದ ಬದಿಯ ಮಾವಿನ ಗಿಡದಿಂದ ಹಸಿ ಗೆಲ್ಲೊಂದನ್ನು ಮುರಿದು ತಂದು ಬಾನೆಟ್ಟಿನ ಮೇಲೆ ಇಟ್ಟ. ಮನೆಯ ದೈವವಿರುವ ಚಾವಡಿಯ ಕಡೆಗೆ ತಿರುಗಿ ಕೈಮುಗಿದ.

"ಇಗೊಳ್ಳಿ, ಎಲ್ಲರೂ ಕೇಳಿ. ಇನ್ನು ಈ ಕಾರನ್ನು ಮುಟ್ಟಿದವರಿಗೆ ನಮ್ಮ ಚಾವಡಿಯ ದೈವದ ಆಣೆ!"

ನಗು ಕತ್ತರಿಸಿದಂತೆ ನಿಂತಿತು. ಶರಬತ್ತಿನ ಲೋಟಗಳು ಕೆಳಗಿಳಿದವು. ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ನಮ್ಮ ಸೀಮೆಯಲ್ಲಿ ಆಣೆಯೆಂದರೆ ಕೋರ್ಟಿನ ತಡೆಯಾಜ್ಞೆಗಿಂತ ದೊಡ್ಡದು. ಕೋರ್ಟಿನದಾದರೆ ವಕೀಲರನ್ನು ಹಿಡಿದು ಏನಾದರೂ ಮಾಡಬಹುದು. ದೈವದ ಹೆಸರಿನಲ್ಲಿ ಗೆಲ್ಲು ಇಟ್ಟ ವಸ್ತುವನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ, ಸರಿಸುವಂತಿಲ್ಲ, ಕೋಲಿನಿಂದ ತಾಗಿಸುವಂತೆಯೂ ಇಲ್ಲ. ಅದು ಎಲ್ಲರ ಪಾಲಿಗೂ ಇಲ್ಲವಾದಂತೆ. ಆಣೆ ಹಾಕಿದವನ ಪಾಲಿಗೆ ಎಲ್ಲರಿಗಿಂತ ಮೊದಲು. ಇದು ಮಕ್ಕಳಿಗೂ ಗೊತ್ತಿರುವ ಸಂಗತಿ. ಪ್ರೇಮನಾಥನಿಗೂ ಗೊತ್ತಿತ್ತು. ಕೋಪದಲ್ಲಿ ಅಣ್ಣನ ಕೈ ಕಟ್ಟಬೇಕು ಎಂಬುದೊಂದೇ ಕಂಡಿತ್ತು ಅವನಿಗೆ. ಜನ ಚದುರಿದ ಮೇಲೆ, ಕಿಟಕಿಯ ಗಾಜು ಅರ್ಧ ತೆರೆದೇ ಇದೆಯಲ್ಲ, ಏರಿಸಿಬಿಡುವ ಎಂದು ಬಾಗಿಲಿಗೆ ಕೈಚಾಚಿದ. ಕೈ ಗಾಳಿಯಲ್ಲೇ ನಿಂತಿತು. ಅಯ್ಯೋ ದೇವರೇ, ನಾನೆಂಥ ಕೆಲಸ ಮಾಡಿಕೊಂಡೆ ಎಂದು ಅಲ್ಲೇ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ.

ಮರುದಿನ ಬೆಳಿಗ್ಗೆಯೇ ದೈವದ ಚಾಕರಿ ಮಾಡುವ ಶೀನಪ್ಪ ಪೂಜಾರಿಯ ಮನೆಗೆ ಓಡಿದ.

"ಬಿಡಿಸ್ಲಿಕ್ಕೆ ಬರ್ತದೆ ಧಣಿ, ಬರುದಿಲ್ಲ ಅಂತ ಇಲ್ಲ," ಎಂದ ಶೀನಪ್ಪ. "ಆದರೆ ಒಬ್ಬರಿಂದ ಆಗುದಲ್ಲ. ಯಾರ ಮೇಲಿನ ಸಿಟ್ಟಿನಲ್ಲಿ ಹಾಕಿದ್ದೋ ಅವರೂ ಬಂದು ನಿಮ್ಮ ಒಟ್ಟಿಗೆ ದೈವದ ಎದುರು ನಿಲ್ಲಬೇಕು. ಇಬ್ಬರೂ ಬಾಯಿ ಬಿಟ್ಟು ಹೇಳಬೇಕು."

ಸರ್ವೋತ್ತಮ ರೈ ನಿಲ್ಲುತ್ತಾನೆಯೇ? ಹೊರಗಿನ ಜನರ ಎದುರು, ತನ್ನದೇ ಅಂಗಳದಲ್ಲಿ, ಸ್ವಂತ ತಮ್ಮ ತನ್ನ ಮೇಲೆ ಆಣೆ ಹಾಕಿದ್ದು ಅವನಿಗೆ ಮುಖಕ್ಕೆ ಉಗಿದ ಹಾಗಾಗಿತ್ತು. "ಹಾಕಿದವ ಅವ. ಇರ್ಲಿ. ನನಗೆ ಬಸ್ಸು ಉಂಟು," ಎಂದ. ಅಂದಿನಿಂದ ಕೊಡೆ ಹಿಡಿದು ಕಾರಿನ ಪಕ್ಕದಿಂದಲೇ ಬಸ್ಸಿಗೆ ನಡೆದ, ಒಂದು ದಿನವೂ ಅದರ ಕಡೆ ಕತ್ತು ತಿರುಗಿಸದೆ. ಹಟ ಎಂದರೆ ಹಟ!

ಪ್ರೇಮನಾಥನ ನರಕ ಅಲ್ಲಿಂದ ಶುರುವಾಯಿತು. ಕಾರು ನಿಂತದ್ದು ಶೆಡ್ಡಿನಲ್ಲಿ ಅಲ್ಲ, ಬಯಲು ಅಂಗಳದಲ್ಲಿ. ಹತ್ತು ಹೆಜ್ಜೆ ಆಚೆ ಶೆಡ್ಡು ಖಾಲಿ ಬಿದ್ದಿದೆ, ತಳ್ಳುವಂತಿಲ್ಲ. ಮೊದಲ ಮಳೆಗೆ ಮುಂಚೆ ಅವನು ದೂರ ದೂರಕ್ಕೆ ನಾಲ್ಕು ಕಂಬ ನೆಟ್ಟು, ಕಾರಿಗೆ ಎಲ್ಲೂ ತಾಗದ ಹಾಗೆ ಹೆಣೆದ ತೆಂಗಿನ ಮಡಲಿನ ಚಪ್ಪರ ಕಟ್ಟಿದ. ಜಡಿಮಳೆಯ ಆಟಿ ತಿಂಗಳ ಗಾಳಿಗೆ ಅದು ಹಾರಿ ಕಾರಿನ ಮೇಲೆಯೇ ಬಿತ್ತು. ಬಿದ್ದ ಮಡಲನ್ನು ಎತ್ತುವಂತಿಲ್ಲವಲ್ಲ! ಅದು ಅಲ್ಲೇ ಕೊಳೆಯಿತು. ಅರ್ಧ ತೆರೆದ ಗಾಜಿನೊಳಗೆ ಎರಚಲು ನೀರು ನುಗ್ಗುವುದನ್ನು ಅವನು ಜಗಲಿಯ ಕಂಬ ಹಿಡಿದು ನಿಂತು ನೋಡಿದ. ಒಂದು ಹಿಡಿಕೆ ತಿರುಗಿಸಿದರೆ ಗಾಜು ಏರುತ್ತದೆ. ಅದನ್ನು ತಿರುಗಿಸಲು ಇಡೀ ಊರಿನಲ್ಲಿ ಒಂದು ಕೈಯಿಲ್ಲ.

ಅದೇ ಕಿಟಕಿಯಿಂದ ವಾರಿಜಾಕ್ಷಿಯ ಹೇಂಟೆಯೊಂದು ಒಳಹೊಕ್ಕು ಹಿಂದಿನ ಸೀಟಿನಲ್ಲಿ ಮೊಟ್ಟೆಯಿಡತೊಡಗಿತು.

"ಮೊಟ್ಟೆ ತೆಗೀಲಿಕ್ಕೂ ಆಗುದಿಲ್ಲ, ಕೋಳಿ ಓಡಿಸ್ಲಿಕ್ಕೂ ಆಗುದಿಲ್ಲ," ಎಂದು ಅವಳು ಹಣೆ ಚಚ್ಚಿಕೊಂಡಳು. "ದೈವದ ಆಣೆ ಕೋಳಿಗೆ ಇಲ್ಲವಾ? ನಮಗೆ ಮಾತ್ರವಾ?"

ಮರಿಗಳು ಹಿಲ್ಮನ್ನಿನಲ್ಲೇ ಹುಟ್ಟಿ ಅಲ್ಲೇ ದೊಡ್ಡದಾದವು. ಊರಿನವರು ನಕ್ಕರು. ಪ್ರೇಮನಾಥನೂ ಮೊದಮೊದಲು ನಕ್ಕ. ಸೀಟಿನ ಚರ್ಮ ಹರಿದು ಒಳಗಿನ ನಾರು ಹೊರಬಂದ ದಿನ ಅವನ ನಗು ಸತ್ತಿತು.

ವರ್ಷ ಕಳೆದಂತೆ ಅವನ ದಿನಚರಿಯೇ ಹಾಗಾಯಿತು. ಬೆಳಿಗ್ಗೆ ಎದ್ದು ಕಾರಿನ ಸುತ್ತ ಒಂದು ಮಾರು ದೂರದಲ್ಲಿ ನಡೆಯುತ್ತಾನೆ. ಇವತ್ತು ಬಂಪರಿನ ಬೆಳ್ಳಿ ಎಷ್ಟು ಎದ್ದಿದೆ, ಮಡ್ಗಾರ್ಡಿನಲ್ಲಿ ತುಕ್ಕು ಎಲ್ಲಿಯವರೆಗೆ ಬಂದಿದೆ, ಟೈರು ಎಷ್ಟು ಕುಸಿದಿದೆ ಎಂದು ನೋಡುತ್ತಾನೆ. ಗೆದ್ದಲು ಬಾರದಂತೆ ಸುತ್ತ ಬೂದಿ ಚೆಲ್ಲುತ್ತಾನೆ. ಮತ್ತೆ ಸುಮ್ಮನೆ ನಿಲ್ಲುತ್ತಾನೆ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ.

"ನಾನು ಜ್ವರ ಬಂದು ಮಲಗಿದರೂ ನೀವು ಇಷ್ಟು ನೋಡ್ಲಿಕ್ಕಿಲ್ಲ," ಎಂದಳು ವಾರಿಜಾಕ್ಷಿ ಒಮ್ಮೆ. ತಮಾಷೆಗೆ ಹೇಳಿದ್ದು. ಗಂಡ ತಿರುಗಿದಾಗ ಅವನ ಕಣ್ಣು ತುಂಬಿದ್ದನ್ನು ಕಂಡಳು. ಆಮೇಲೆ ಅವಳು ಆ ಬಗ್ಗೆ ಬಾಯಿ ತೆರೆಯಲಿಲ್ಲ.

ಪುತ್ತೂರಿನಿಂದ ಅದ್ದು ಒಮ್ಮೆ ನೋಡಲು ಬಂದ. ಕಾರಿನ ಸುತ್ತ ಬಂದು ನಾಲಗೆ ಲೊಚಗುಟ್ಟಿದ. ಪ್ರೇಮನಾಥ ಅವನನ್ನು ಬದಿಗೆ ಕರೆದು ಸ್ವರ ತಗ್ಗಿಸಿದ.

"ಅದ್ದು, ನೀನು ನಮ್ಮ ದೈವದವ ಅಲ್ಲವಲ್ಲ ಮಾರಾಯ. ನಿನಗೆ ಆಣೆ ಹಿಡಿಯುದಿಲ್ಲ. ಆ ಗಾಜೊಂದು ಏರಿಸಿ ಬಿಡು. ಬೇರೆ ಎಂತ ಬೇಡ."

ಅದ್ದು ಗಾಜನ್ನು ನೋಡಿದ, ಚಾವಡಿಯನ್ನು ನೋಡಿದ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದ.

"ಬೇಡ ರೈಗಳೇ. ನನ್ನ ಬಾಪ ಈ ದೈವದ ಗದ್ದೆ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡೀತಿದ್ದರು. ನನಗೆ ನಿಮ್ಮ ದೈವದ ಜತೆ ಜಗಳ ಬೇಡ ಮಾರಾಯ್ರೆ."

ಪ್ರತಿ ವರ್ಷ ಬಿಸು ಹಬ್ಬದ ದಿನ ಮನೆಯ ಹಿರಿಯರ ಕಾಲು ಮುಟ್ಟುವುದು ಕ್ರಮ. ಪ್ರೇಮನಾಥ ಅಣ್ಣನ ಕಾಲು ಮುಟ್ಟುತ್ತಿದ್ದ. ಒಂದು ವರ್ಷ ಮುಟ್ಟಿದವನು ಏಳಲೇ ಇಲ್ಲ. "ಅಣ್ಣ, ತಪ್ಪಾಯ್ತು. ಒಂದು ಸಲ ಬಂದು ನಿಲ್ಲಿ. ಅದು ಸಾಯ್ತಾ ಉಂಟು," ಎಂದು ಪಾದಕ್ಕೆ ಹಣೆಯಿಟ್ಟ. ಸರ್ವೋತ್ತಮ ರೈ ಅವನ ತಲೆಯ ಮೇಲೆ ಅಕ್ಕಿಕಾಳು ಹಾಕಿ, "ಒಳ್ಳೇದಾಗ್ಲಿ. ಆ ವಿಷಯ ಮಾತ್ರ ಎತ್ತಬೇಡ," ಎಂದು ಕಾಲು ಎಳೆದುಕೊಂಡ. ಅವನ ಸ್ವರದಲ್ಲೂ ಸಿಟ್ಟು ಇಳಿದಿತ್ತು, ಬರೀ ಹಟ ಉಳಿದಿತ್ತು. ಹಟಕ್ಕೆ ಮದ್ದು ಎಲ್ಲಿಂದ ತರುವುದು?

ಎಂಬತ್ತಮೂರರಲ್ಲಿ ಅಕ್ಕ ದಮಯಂತಿಯ ಮಗಳು ನೀಲಾವತಿಗೆ ಗಂಡು ನಿಶ್ಚಯವಾಯಿತು. ಹೆಣ್ಣಿನ ಮನೆಯೆಂದರೆ ತಾಯಿಯ ಮೂಲದ ಮನೆ, ಅಂದರೆ ಇದೇ. ಮದುವೆ ಇದೇ ಅಂಗಳದಲ್ಲಿ ಆಗಬೇಕು. ದಮಯಂತಿ ಪ್ರಶ್ನೆ ಇಡಿಸಿದಳು. ಜೋಯಿಸರು ಕವಡೆ ಸರಿಸಿ, "ಮನೆಯಲ್ಲಿ ಬಿಡಿಸದ ಆಣೆ ಒಂದು ಉಂಟು. ಅದು ಇರುವವರೆಗೆ ಶುಭಕಾರ್ಯ ಬೇಡ," ಎಂದುಬಿಟ್ಟರು. ಕೇಳಿದ್ದೇ ತಡ, ದಮಯಂತಿ ಸುಳ್ಯದಿಂದ ಮೊದಲ ಬಸ್ಸಿಗೆ ಬಂದಿಳಿದಳು. ಆ ಮನೆಯಲ್ಲಿ ಯಜಮಾನಿಕೆ ಗಂಡಸರದ್ದಾದರೂ ಮನೆತನ ಮುಂದುವರಿಯುವುದು ಅವಳ ಹೊಟ್ಟೆಯಿಂದ. ಅವಳು ಗಟ್ಟಿಯಾಗಿ ಮಾತಾಡಿದರೆ ಸರ್ವೋತ್ತಮ ರೈಯೂ ತಲೆ ತಗ್ಗಿಸಬೇಕು.

"ನಾಚಿಕೆ ಆಗುದಿಲ್ಲವಾ ನಿಮಗೆ?" ಎಂದು ಇಬ್ಬರನ್ನೂ ಎದುರಿಗೆ ಕೂರಿಸಿ ಬೈದಳು. "ಒಂದು ತಗಡಿನ ಡಬ್ಬಕ್ಕೆ ಅಣ್ಣತಮ್ಮ ಐದು ವರ್ಷ ಮುಖ ತಿರುಗಿಸಿ ಕೂತದ್ದು! ನನ್ನ ಮಗಳ ಮದುವೆ ನಿಂತರೆ ಈ ಮನೆ ಬಾಗಿಲಿಗೆ ನಾನು ಮತ್ತೆ ಕಾಲಿಡುದಿಲ್ಲ. ಸಂಕ್ರಮಣಕ್ಕೆ ಇಬ್ಬರೂ ನಿಲ್ಲಬೇಕು. ನಿಲ್ಲುದಾ, ಇಲ್ಲವಾ?"

ಸರ್ವೋತ್ತಮ ರೈ ಅಂಗಳದ ಕಡೆ ನೋಡಿದ. ಆ ಐದು ವರ್ಷಗಳಲ್ಲಿ ಎಲ್ಲರ ಎದುರು ಅವನು ಕಾರಿನ ಕಡೆ ಕಣ್ಣು ಹಾಯಿಸಿದ್ದು ಅದೇ ಮೊದಲು. "ಆಯ್ತು. ಮದುವೆ ಆಗಬೇಕಲ್ಲ. ನಿಲ್ತೇನೆ," ಎಂದ.

ಪ್ರೇಮನಾಥನಿಗೆ ಕಿವಿಯನ್ನು ನಂಬಲಾಗಲಿಲ್ಲ. ಸಂಕ್ರಮಣ ಬರುವವರೆಗೆ ಅವನಿಗೆ ಅನ್ನ ಸೇರಲಿಲ್ಲ. ಪುತ್ತೂರಿಗೆ ಓಡಿ ಅದ್ದುವಿನ ಹತ್ತಿರ ಮಾತಾಡಿಕೊಂಡು ಬಂದ. ಟೈರು, ಬ್ಯಾಟರಿ, ಕ್ಲಚ್ ಪ್ಲೇಟು, ವೈರಿಂಗು. ತಗಡಿನ ಕೆಲಸ ಆಮೇಲೆ ಆಗಲಿ. ಸಂಕ್ರಮಣ ಕಳೆದು ಮದುವೆಗೆ ಇನ್ನೂ ಒಂದು ತಿಂಗಳಿದೆ, ಇಬ್ಬರೂ ಹಗಲಿಡೀ ಕೂತರೆ ಓಡದೆ ಎಲ್ಲಿ ಹೋಗುತ್ತದೆ?

"ನೀಲಾವತಿಯನ್ನು ಅದರಲ್ಲೇ ಕಳಿಸಬೇಕು," ಎಂದ ವಾರಿಜಾಕ್ಷಿಯ ಹತ್ತಿರ. "ಅಕ್ಕನನ್ನೂ ಮಾವ ಅದರಲ್ಲೇ ಕಳಿಸಿದ್ದು."

ವಾರಿಜಾಕ್ಷಿ ಹೂಂ ಎಂದಳು. ಅಷ್ಟು ವರ್ಷಗಳ ನಂತರ ಅವನ ಮುಖದಲ್ಲಿ ಕಳೆ ಬಂದಿತ್ತು, ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ.

ಸಂಕ್ರಮಣದ ಬೆಳಿಗ್ಗೆ ಅಣ್ಣತಮ್ಮ ಮಿಂದು ಬಂದು ಚಾವಡಿಯಲ್ಲಿ ನಿಂತರು. ಶೀನಪ್ಪ ಪೂಜಾರಿ ದೀಪ ಹಚ್ಚಿ ದೈವದ ಎದುರು ಅರಿಕೆ ಮಾಡಿದ. ಸಿಟ್ಟಿನಲ್ಲಿ ಆಡಿದ ಮಾತನ್ನು ಹಿಂದೆ ತೆಗೆದುಕೊಂಡೆ ಎಂದು ಪ್ರೇಮನಾಥ ಹೇಳಿದ. ನನ್ನ ಮನಸ್ಸಿನಲ್ಲೂ ಏನೂ ಉಳಿದಿಲ್ಲ ಎಂದು ಸರ್ವೋತ್ತಮ ರೈ ಹೇಳಿದ.

"ಇನ್ನು ಈ ವಸ್ತುವಿನ ಮೇಲೆ ಯಾವ ಕಾರಣಕ್ಕೂ ಆಣೆ ಹಾಕುದಿಲ್ಲ ಅಂತ ಮಾತು ಕೊಡಬೇಕು," ಎಂದ ಶೀನಪ್ಪ.

"ಸತ್ತರೂ ಹಾಕುದಿಲ್ಲ," ಎಂದ ಪ್ರೇಮನಾಥ. ಕಾಣಿಕೆ ಇಟ್ಟು, ಗಂಧ ಹಣೆಗೆ ಹಚ್ಚಿದ್ದೇ ಅಂಗಳಕ್ಕೆ ಓಡಿದ. ನಲವತ್ತೈದು ದಾಟಿದ ಗಂಡಸು ಹಾಗೆ ಓಡಿದ್ದನ್ನು ಕಂಡು ಹೆಂಗಸರಿಗೆ ನಗು ಬಂತು.

ಬಾನೆಟ್ಟಿನ ಮೇಲೆ ಎರಡೂ ಅಂಗೈ ಇಟ್ಟ. ತುಕ್ಕಿನ ಹುಡಿ ಕೈಗೆ ಹತ್ತಿತು. ಕೊಳೆತ ಮಡಲನ್ನು ಬಾಚಿ ಎಸೆದ. ಬಾಗಿಲು ಎಳೆದಾಗ ಕಿರುಗುಟ್ಟಿತು, ಆದರೂ ತೆರೆಯಿತು. ಕೋಳಿಹಿಕ್ಕೆಯ ಮೇಲೆಯೇ ಕುಳಿತು ಸ್ಟೇರಿಂಗು ಹಿಡಿದ. ಆಮೇಲೆ ಕಿಟಕಿಯ ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿದ. ಗಾಜು ಕರಕರ ಎನ್ನುತ್ತ ಮೇಲೇರಿ ಕೂತಿತು. ಪ್ರೇಮನಾಥ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಗಟ್ಟಿಯಾಗಿ ಅತ್ತುಬಿಟ್ಟ. ಯಾರು ನೋಡಿದರೂ ಅವನಿಗೆ ಆಗ ಪರಿವೆಯಿರಲಿಲ್ಲ.

ತಲೆಯೆತ್ತಿದಾಗ ಗೇಟಿನ ಹತ್ತಿರ ಲಾರಿಯೊಂದು ನಿಂತಿತ್ತು. ಮೂವರು ಇಳಿದು ಬರುತ್ತಿದ್ದರು, ಹೆಗಲ ಮೇಲೆ ದೊಡ್ಡ ಸುತ್ತಿಗೆ, ಕೈಯಲ್ಲಿ ಹಾರೆ. ಅವರ ಮುಂದೆ ಸರ್ವೋತ್ತಮ ರೈ.

"ಇಳಿ ಪ್ರೇಮ. ಗುಜರಿಯವರು ಬಂದಿದ್ದಾರೆ."

"ಎಂತ ಗುಜರಿ?"

"ಚಪ್ಪರ ಎಲ್ಲಿ ಹಾಕುದು ಮತ್ತೆ? ಅಂಗಳ ಕೆತ್ತಲಿಕ್ಕೆ ನಾಳೆ ಆಳುಗಳು ಬರ್ತಾರೆ. ಆಣೆ ಇರುವಾಗ ಇದನ್ನು ಮುಟ್ಟುವ ಹಾಗೆ ಇರ್ಲಿಲ್ಲ. ಈಗ ತೊಂದರೆ ಇಲ್ಲವಲ್ಲ."

ಪ್ರೇಮನಾಥನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಣೆ ಇದ್ದಷ್ಟು ದಿನ ಕಾರನ್ನು ಯಾರೂ ಒಯ್ಯುವಂತಿರಲಿಲ್ಲ. ಕೊಳೆತರೂ ಅದು ಅವನ ಕಣ್ಣೆದುರೇ ಇರುತ್ತಿತ್ತು. ಅದನ್ನು ಕಾಯುತ್ತಿದ್ದುದು ಆ ಆಣೆಯೊಂದೇ. ಅದನ್ನು ಈಗಷ್ಟೇ ಅವನು ತನ್ನ ಬಾಯಿಯಿಂದಲೇ ಬಿಡಿಸಿ ಬಂದಿದ್ದ.

"ಶೆಡ್ಡಿಗೆ ತಳ್ಳುವ ಅಣ್ಣ," ಎಂದ, ಇಳಿದು ಬಂದು. "ಒಂದು ತಿಂಗಳು ಕೊಡಿ. ಅದ್ದು ಬರ್ತಾನೆ. ಓಡ್ತದೆ ಇದು, ಖಂಡಿತ ಓಡ್ತದೆ."

"ಶೆಡ್ಡಿನಲ್ಲಿ ಅಡುಗೆಯವರು ಇರ್ತಾರೆ. ಮದುವೆ ಮನೆಯಲ್ಲಿ ಈ ಹೆಣ ಬೇಡ." ಸರ್ವೋತ್ತಮ ರೈಯ ಸ್ವರ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ನೀನು ದಿನಾ ಇದರ ಎದುರು ಕೈಕಟ್ಟಿ ನಿಲ್ಲುದನ್ನು ನಾನು ಕಂಡಿಲ್ಲ ಅಂತ ಗ್ರಹಿಸಿದ್ದೀಯಾ? ನೋಡಿ ನೋಡಿ ನನಗೇ ಸಾಕಾಗಿದೆ ಮಾರಾಯ. ಹೋಗ್ಲಿ ಅದು. ನಿನಗೂ ಒಳ್ಳೇದು."

ಪ್ರೇಮನಾಥ ಸರ್ರನೆ ತಿರುಗಿ ಮಾವಿನ ಗಿಡದ ಹತ್ತಿರ ಹೋದ. ಗೆಲ್ಲೊಂದಕ್ಕೆ ಕೈ ಹಾಕಿದ. ಜಗಲಿಯಲ್ಲಿದ್ದ ದಮಯಂತಿ ಎದೆ ಹಿಡಿದುಕೊಂಡು, "ಪ್ರೇಮ, ಬೇಡ!" ಎಂದು ಕಿರುಚಿದಳು. ಶೀನಪ್ಪ ಪೂಜಾರಿ ಮೆಟ್ಟಿಲಿನಲ್ಲೇ ಬೆರಗಾಗಿ ನಿಂತ. ಗುಜರಿಯವರಿಗೆ ಏನೂ ತಿಳಿಯದಿದ್ದರೂ ಅವರೂ ಸುತ್ತಿಗೆ ಕೆಳಗಿಳಿಸಿದರು. ಪ್ರೇಮನಾಥನ ಮುಷ್ಟಿಯೊಳಗೆ ಗೆಲ್ಲು ಬಗ್ಗಿತು. ಸತ್ತರೂ ಹಾಕುವುದಿಲ್ಲ ಎಂದು ಹೇಳಿದ ಬಾಯಿಯ ನೀರು ಇನ್ನೂ ಆರಿರಲಿಲ್ಲ. ನೀಲಾವತಿ ಬಾಗಿಲ ಸಂದಿಯಲ್ಲಿ ನಿಂತು ಮಾವನನ್ನೇ ನೋಡುತ್ತಿದ್ದಳು. ಅವನು ಗೆಲ್ಲನ್ನು ಬಿಟ್ಟ.

ಗುಜರಿಯವರಲ್ಲಿ ಹಿರಿಯವನು ಮುಂದೆ ಬಂದು ಮೊದಲ ಪೆಟ್ಟನ್ನು ಎದುರಿನ ಮಡ್ಗಾರ್ಡಿಗೆ ಹಾಕಿದ. ಇಡೀ ಕಾರು ನಡುಗಿತು. ಎರಡನೆಯ ಪೆಟ್ಟಿಗೆ ಅವನು ಕೈಯೆತ್ತುವಾಗ ಪ್ರೇಮನಾಥ ಅಡ್ಡ ಬಂದು ಸುತ್ತಿಗೆ ಹಿಡಿದುಕೊಂಡ.

"ಹೊಡೀಬೇಡಿ. ನಾನೇ ಬಿಚ್ಚಿ ಕೊಡ್ತೇನೆ."

"ತಡ ಆಗ್ತದೆ. ನಮಗೆ ತೂಕಕ್ಕೆ ಹೋಗುದು."

"ತಡ ಆಗುದಿಲ್ಲ," ಎಂದ ಪ್ರೇಮನಾಥ. "ಇದರ ಬೋಲ್ಟು ನನ್ನಷ್ಟು ಬೇಗ ಯಾರಿಗೂ ಬಿಚ್ಚಲಿಕ್ಕೆ ಬರುದಿಲ್ಲ."

ವಾರಿಜಾಕ್ಷಿ ಒಳಗಿನಿಂದ ಸ್ಪ್ಯಾನರುಗಳ ಪೆಟ್ಟಿಗೆ ತಂದು ಅವನ ಪಕ್ಕದಲ್ಲಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಬಿಸಿಲು ಏರಿತು. ಅವನು ಅಂಗಿ ಕಳಚಿ ಕೆಲಸಕ್ಕೆ ಕೂತ. ಬಾಗಿಲುಗಳು ಬಂದವು, ಸೀಟುಗಳು ಬಂದವು, ಚಕ್ರಗಳು ಬಂದವು. ಗುಜರಿಯವರು ಒಂದೊಂದನ್ನೇ ಎತ್ತಿ ಲಾರಿಗೆ ಎಸೆದರು. ಎಸೆದಾಗಲೆಲ್ಲ ಅವನ ಭುಜ ಬೆಚ್ಚುತ್ತಿತ್ತು. ಅಂಗಳದಲ್ಲಿ ಎಂಜಿನು ಮತ್ತು ಅದನ್ನು ಹೊತ್ತ ಬೋಳು ಮೈ ಮಾತ್ರ ಉಳಿಯಿತು. ಎಂಜಿನನ್ನು ಇಳಿಸುವ ಮೊದಲು ಅವನು ಪ್ಲಗ್ಗು ಬಿಚ್ಚಿ ಒಳಗೆ ಒಂದಿಷ್ಟು ಎಣ್ಣೆ ಬಿಟ್ಟ. ಏಕೆ ಬಿಟ್ಟೆ ಎಂದು ಕೇಳಿದ್ದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಮುಂದಿನಿಂದ ಎಂಜಿನು ತಿರುಗಿಸುವ ಹ್ಯಾಂಡಲ್ ಹಾಕಿ, ಹೆಗಲು ಕೊಟ್ಟು ಒತ್ತಿದ. ಒಮ್ಮೆ ಬಿಗಿಹಿಡಿಯಿತು. ಮತ್ತೆ ಒತ್ತಿದ. ಟಕ್ಕೆಂದು ಬಿಟ್ಟುಕೊಂಡು ಹ್ಯಾಂಡಲ್ ತಿರುಗಿತು. ನಯವಾಗಿ, ಸರಾಗವಾಗಿ, ಪೂರ್ತಿ ಒಂದು ಸುತ್ತು.

ಅವನು ಮತ್ತೊಮ್ಮೆ ತಿರುಗಿಸಿದ. ಮತ್ತೂ ಒಮ್ಮೆ.

ಸರ್ವೋತ್ತಮ ರೈ ಜಗಲಿಯಿಂದಿಳಿದು ಬಂದ. "ಊಟಕ್ಕೆ ಏಳು ಪ್ರೇಮ. ಬೆಳಗ್ಗಿನಿಂದ ಎಂತ ತಿಂದಿಲ್ಲ ನೀನು."

"ಅಣ್ಣ, ಎಂಜಿನು ತಿರುಗ್ತದೆ."

ಸರ್ವೋತ್ತಮ ರೈ ಹ್ಯಾಂಡಲನ್ನು ನೋಡಿದ. ಲಾರಿಯಲ್ಲಿ ರಾಶಿ ಬಿದ್ದ ಬಾಗಿಲುಗಳನ್ನು, ಚಕ್ರಗಳನ್ನು ನೋಡಿದ. ತಮ್ಮನ ಮುಖ ನೋಡಲು ಮಾತ್ರ ಅವನಿಂದಾಗಲಿಲ್ಲ.

"ಸತ್ತಿದೆ ಅಂತಲೇ ಗ್ರಹಿಸಿದ್ದು ನಾನು," ಎಂದ ಮೆಲ್ಲಗೆ. "ಬದುಕಿದೆ ಅಂತ ನೀನು ಮೊದಲೇ ಹೇಳುದಲ್ಲವಾ?"

"ಮುಟ್ಟದೆ ಹೇಗೆ ಗೊತ್ತಾಗುದು ಅಣ್ಣ?" ಎಂದ ಪ್ರೇಮನಾಥ.

ಅಣ್ಣ ಅಲ್ಲೇ ನಿಂತಿದ್ದ. ಪ್ರೇಮನಾಥ ಹ್ಯಾಂಡಲ್ ಕಳಚಿ ಗುಜರಿಯವನ ಕೈಗೆ ಕೊಟ್ಟು, ಸ್ಪ್ಯಾನರು ತೆಗೆದುಕೊಂಡು ಎಂಜಿನಿನ ಬೋಲ್ಟುಗಳನ್ನು ಬಿಚ್ಚತೊಡಗಿದ.